ಪ್ರಾಣಿಗಳ ನಂಟು ಹುಡುಕಲು: ಮೈಟೊಕಾಂಡ್ರಿಯಾ ಡಿಎನ್‌ಎಯೋ, ಪೂರ್ತಿ ಜೀನೋಮೋ?

ಕೈಯಲ್ಲಿರುವುದು ಹಳೇ ಮೂಳೆಯೋ ಒಣಗಿದ ಚರ್ಮದ ಚೂರೋ ಆಗಿದ್ದರೆ, ಜೀವಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗವಾದ ಮೈಟೊಕಾಂಡ್ರಿಯಾದ ಡಿಎನ್‌ಎಯಿಂದಲೇ ಶುರು ಮಾಡಿ. ಒಂದು ಜೀವಕೋಶದಲ್ಲಿ ಅದರ ನೂರಾರು ಪ್ರತಿಗಳಿರುತ್ತವೆ, ಹಾಗಾಗಿ ಉಳಿದಿರುವ ಸಾಧ್ಯತೆ ಜಾಸ್ತಿ. ಅಳಿದುಹೋದ ಕ್ವಾಗಾ ಎಂಬ ಆಫ್ರಿಕಾದ ಪ್ರಾಣಿಯು ಜೀಬ್ರಾಗಳ ನೆಂಟ ಎಂದು 1984ರಲ್ಲಿ ತೋರಿಸಿಕೊಟ್ಟಿದ್ದು ಮ್ಯೂಸಿಯಂ ಚರ್ಮದಲ್ಲಿ ಸಿಕ್ಕ ಇಂಥ ತುಣುಕುಗಳೇ. ಓದುವುದೂ ಸುಲಭ: ಹೆಚ್ಚಿನ ಪ್ರಾಣಿಗಳಲ್ಲಿ 37 ಜೀನ್‌ಗಳು, ಡಿಎನ್‌ಎಯ ಸುಮಾರು 16,000 ಅಕ್ಷರಗಳು, ಅಷ್ಟೇ.

ಆದರೆ ಇದು ಸಾಮಾನ್ಯವಾಗಿ ತಾಯಿಯಿಂದ ಮಾತ್ರ ಬರುತ್ತದೆ. ಅರ್ಧ ಕಥೆ, ಅಲ್ವಾ? ಹಿಮಕರಡಿಯನ್ನೇ ನೋಡಿ. ಮೈಟೊಕಾಂಡ್ರಿಯಾ ಪ್ರಕಾರ ಅದು ಕಂದು ಕರಡಿಗಳದೇ ಒಂದು ಕವಲು. ಅಲಾಸ್ಕಾದ ಕೆಲವು ದ್ವೀಪಗಳ ಕರಡಿಗಳಿಗೆ ತೀರಾ ಹತ್ತಿರ. ತಂದೆ-ತಾಯಿ ಇಬ್ಬರಿಂದಲೂ ಬರುವ ಕೋಶಕೇಂದ್ರದ ಡಿಎನ್‌ಎ ಓದಿದಾಗ ಅದರ ವಂಶವೇ ಬೇರೆ ಎಂದು ಕಂಡಿತು. ಹಿಂದೆ ಹಿಮಕರಡಿ, ಕಂದು ಕರಡಿ ಎರಡೂ ಕೂಡಿ ಮರಿ ಹಾಕಿ ಬೆರೆತಿದ್ದವು, ಅದಕ್ಕೇ ಈ ವ್ಯತ್ಯಾಸ. ಹೀಗೆ ಬೆರೆತಿರುವ ಅನುಮಾನವಿದ್ದರೆ, ಖರ್ಚು ಜಾಸ್ತಿಯಾದರೂ ಪೂರ್ತಿ ಜೀನೋಮೇ, ಅಂದರೆ ಆ ಪ್ರಾಣಿಯ ಎಲ್ಲ ಡಿಎನ್‌ಎಯೂ ಬೇಕು.