ಮಾಳಿಗೆಯ ಮೇಲಿನ ಆರು ಪ್ಯಾನೆಲ್: ಹದಿನಾಲ್ಕು ತಿಂಗಳ ಲೆಕ್ಕ

ಸೋಲಾರ್ ಚಾಲೂ ಆದ ಮೂರನೆಯ ದಿನ ಮಧ್ಯಾಹ್ನವೇ ಕರೆಂಟ್ ಹೋಯಿತು. ಹೊರಗೆ ದಾವಣಗೆರೆಯ ಮಾರ್ಚ್ ಬಿಸಿಲು. ಮಾಳಿಗೆಯ ಮೇಲೆ ಆರು ಪ್ಯಾನೆಲ್‌ಗಳು ಥಳಥಳ ಹೊಳೆಯುತ್ತಿವೆ, ಕೆಳಗೆ ಮಿಕ್ಸಿಯಲ್ಲಿ ಶೇಂಗಾ ಚಟ್ನಿಪುಡಿ ಅರ್ಧಕ್ಕೇ ನಿಂತಿದೆ. ‘ಸೂರ್ಯ ಇನ್ನೂ ಇದ್ದಾನಲ್ಲಮ್ಮಾ, ನಿಮ್ಮ ಸೋಲಾರ್ ಎಲ್ಲಿ ಹೋಯಿತು?’ ಎಂದು ಅತ್ತೆಯವರು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಮಾರಲು ಬಂದ ಹುಡುಗ ಬಾಯಿಬಿಡದ ಸಂಗತಿ ಇದು. ನಮ್ಮದು ಲೈನ್‌ಗೆ ಜೋಡಿಸಿದ ಆನ್‌ಗ್ರಿಡ್ ಸೋಲಾರ್. ಬೀದಿಯ ಕರೆಂಟ್ ಹೋದ ಕೂಡಲೇ, ಪ್ಯಾನೆಲ್‌ನ ಕರೆಂಟನ್ನು ಮನೆಗೆ ಒಗ್ಗುವಂತೆ ಬದಲಿಸುವ ಇದರ ಇನ್ವರ್ಟರ್ ತಾನಾಗಿಯೇ ನಿಂತುಬಿಡುತ್ತದೆ. ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಮಾಳಿಗೆಯಿಂದ ಹರಿದ ಕರೆಂಟ್ ಹೊಡೆಯಬಾರದಲ್ಲ, ಅದಕ್ಕೆ. ಕಾರಣ ತಿಳಿದ ಮೇಲೆ ಸಿಟ್ಟು ಇಳಿಯಿತು, ಮೊದಲೇ ಹೇಳಲಿಲ್ಲವೆಂಬ ಸಿಟ್ಟು ಮಾತ್ರ ಇಳಿದಿಲ್ಲ. ಕರೆಂಟ್ ಹೋದಾಗಲೂ ಬೇಕೆಂದರೆ ಹೈಬ್ರಿಡ್ ಇನ್ವರ್ಟರ್, ಬ್ಯಾಟರಿ ಎಂದು ಇನ್ನೊಂದು ಲಕ್ಷದ ಮಾತು. ನಾಲ್ಕು ದೀಪ, ಎರಡು ಫ್ಯಾನ್ ನಡೆಸುವ ನಮ್ಮ ಹಳೆಯ ಯುಪಿಎಸ್ಸನ್ನೇ ಉಳಿಸಿಕೊಂಡೆವು.

ಇನ್ನು ಖರ್ಚು. 540 ವ್ಯಾಟ್‌ನ ಆರು ಪ್ಯಾನೆಲ್, ಮೂರು ಕಿಲೋವ್ಯಾಟ್‌ನ ಇನ್ವರ್ಟರ್, ಎಲ್ಲ ಸೇರಿ 1,95,000 ರೂಪಾಯಿ. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 78,000 ಸಬ್ಸಿಡಿ ಖಾತೆಗೆ ಬಂತು. ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000. ಅದಕ್ಕಿಂತ ದೊಡ್ಡದು ಹಾಕಿಸಿದರೂ ಸಬ್ಸಿಡಿ ಅಷ್ಟೇ. ಪ್ಯಾನೆಲ್ ಕೂರಿಸುವುದು ಎರಡು ದಿನದ ಕೆಲಸ. ಬರುವ ಕರೆಂಟು, ಹೋಗುವ ಕರೆಂಟು ಎರಡನ್ನೂ ಅಳೆಯುವ ನೆಟ್ ಮೀಟರ್ ಸಿಗಲು ಏಳು ವಾರ ಹಿಡಿಯಿತು. ಅಲ್ಲಿಯವರೆಗೆ ನಮ್ಮ ಸೋಲಾರ್, ಮದುವೆಯಾಗಿಯೂ ತವರಿನಲ್ಲೇ ಉಳಿದ ಸೊಸೆಯಂತೆ ಸುಮ್ಮನೆ ಕುಳಿತಿತ್ತು.

ಮನೆಯಲ್ಲಿ ಆರು ಜನ. ಗೀಸರ್, ಬೋರ್ ಮೋಟಾರ್, ಬೇಸಿಗೆಯಲ್ಲಿ ಒಂದು ಎಸಿ. ತಿಂಗಳಿಗೆ 320 ಯೂನಿಟ್ ದಾಟುತ್ತಿದ್ದುದರಿಂದ ಗೃಹಜ್ಯೋತಿ ನಮ್ಮ ಪಾಲಿಗಿರಲಿಲ್ಲ. ಬಿಲ್ಲು ಎರಡೂವರೆ ಸಾವಿರದ ಆಸುಪಾಸು. ಈಗ ಐನೂರರ ಆಚೀಚೆ ಬರುತ್ತದೆ. ಸೊನ್ನೆ ಆಗುವುದಿಲ್ಲ, ನಿಗದಿತ ಶುಲ್ಕ ಹೇಗೂ ಕಟ್ಟಲೇಬೇಕು. ಮಿಕ್ಕ ಯೂನಿಟ್ ಮಾರಿ ದುಡ್ಡು ಮಾಡುವ ಕನಸನ್ನೂ ಬಿಡಿ, ನಾವು ಕೊಳ್ಳುವ ದರಕ್ಕಿಂತ ವಿದ್ಯುತ್ ಕಂಪನಿಯವರು ಕೊಡುವ ದರ ಬಹಳ ಕಡಿಮೆ. ಎದುರುಮನೆಯವರು ತಿಂಗಳಿಗೆ 140 ಯೂನಿಟ್ ಸುಡುತ್ತಾರೆ, ಗೃಹಜ್ಯೋತಿಯಲ್ಲಿ ಅವರ ಬಿಲ್ಲು ಸೊನ್ನೆ. ನಮ್ಮದನ್ನು ನೋಡಿ ಹಾಕಿಸುತ್ತೇವೆಂದು ಹೊರಟಿದ್ದವರನ್ನು ನಾನೇ ತಡೆದೆ.

ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ದಿನದ ಯೂನಿಟ್ಟನ್ನೂ ಬರೆಯುತ್ತೇನೆ. ಮಾರ್ಚ್‌ನಲ್ಲಿ ದಿನಕ್ಕೆ 14 ಬಂದದ್ದು, ಇನ್ನೂ ಉರಿಬಿಸಿಲಿನ ಏಪ್ರಿಲ್‌ನಲ್ಲಿ 13ಕ್ಕೆ ಇಳಿಯಿತು. ಪ್ಯಾನೆಲ್‌ಗೆ ಬೇಕಾದದ್ದು ಬೆಳಕು, ಸೆಕೆಯಲ್ಲವಂತೆ. ಅದರ ಮೇಲೆ ಬರೆದ ವ್ಯಾಟ್ 25 ಡಿಗ್ರಿಯಲ್ಲಿ ಅಳೆದದ್ದು; ಅದು ಕಾದಷ್ಟೂ ಕರೆಂಟ್ ಕುಗ್ಗುತ್ತದೆ. ಜುಲೈನ ಮೋಡದಲ್ಲಿ ಏಳು, ಎಂಟು. ಒಂದು ದಿನ ಬರೀ ಮೂರು.

ನಮ್ಮ ಊರಿಗೇ ವಿಶೇಷವಾದ ತೊಂದರೆ ಬೇರೆ ಇದೆ: ಮಂಡಕ್ಕಿ ಭಟ್ಟಿಗಳ ಬೂದಿ. ಮಂಡಕ್ಕಿ, ಮೆಣಸಿನಕಾಯಿ ತಿನ್ನುವಾಗ ನೆನಪಾಗದ ಭಟ್ಟಿ ಪ್ಯಾನೆಲ್ ಒರೆಸುವಾಗ ತಪ್ಪದೆ ನೆನಪಾಗುತ್ತದೆ. ಹದಿನೈದು ದಿನ ಬಿಟ್ಟರೆ ದಿನಕ್ಕೆ ಎರಡು ಯೂನಿಟ್ ಕಡಿಮೆ. ಬೋರ್ ನೀರಿನಲ್ಲಿ ತೊಳೆದರೆ ಬಿಳಿ ಉಪ್ಪಿನ ಕಲೆ ಕೂರುತ್ತದೆ, ಆದ್ದರಿಂದ ನಲ್ಲಿ ನೀರನ್ನೇ ಹೊತ್ತು, ಗಾಜು ಕಾಯುವ ಮೊದಲು ಬೆಳಗ್ಗೆ ಆರಕ್ಕೆ ತೊಳೆಯುತ್ತೇನೆ. ‘ನಿರ್ವಹಣೆಯೇ ಇಲ್ಲ ಮೇಡಂ’ ಎಂದಿದ್ದ ಆ ಹುಡುಗ ಒಂದು ದಿನ ಬಂದು ಬಕೆಟ್ ಎತ್ತಲಿ.

ಮಾಳಿಗೆಯ ಜಾಗಕ್ಕಾಗಿ ಅತ್ತೆಯವರಿಗೂ ನನಗೂ ಸಣ್ಣ ಯುದ್ಧವೇ ನಡೆಯಿತು. ಬೇಸಿಗೆಯಲ್ಲಿ ಸಂಡಿಗೆ, ಹಪ್ಪಳ ಒಣಗಿಸುವುದು ಎಲ್ಲಿ? ಕೊನೆಗೆ ಎಂಟು ಅಡಿ ಎತ್ತರದ ಕಬ್ಬಿಣದ ಚೌಕಟ್ಟು ಹಾಕಿಸಿದೆವು, 22,000 ಹೆಚ್ಚುವರಿ. ಸಂಡಿಗೆ ದಕ್ಷಿಣದ ಮೂಲೆಗೆ ಹೋಯಿತು. ಪ್ಯಾನೆಲ್ ಕೆಳಗಿನ ನೆರಳಿನಲ್ಲಿ ಅತ್ತೆಯವರು ಈಗ ಕುರ್ಚಿ ಹಾಕಿಕೊಂಡು ಅವರೆಕಾಯಿ ಸುಲಿಯುತ್ತಾರೆ, ಅದರ ಕೆಳಗಿನ ಮಲಗುವ ಕೋಣೆಯೂ ಮೊದಲಿನಷ್ಟು ಕಾಯುವುದಿಲ್ಲ. ಇದನ್ನು ಯಾವ ಜಾಹೀರಾತಿನಲ್ಲೂ ಓದಿರಲಿಲ್ಲ.

ಹೀಗೇ ನಡೆದರೆ ಹಾಕಿದ ಹಣ ಆರು ವರ್ಷದಲ್ಲಿ ಮರಳಬಹುದೆಂದು ನನ್ನ ಲೆಕ್ಕ. ಪ್ಯಾನೆಲ್‌ಗೆ 25 ವರ್ಷದ ಭರವಸೆ ಇದೆ, ಇನ್ವರ್ಟರ್‌ಗೆ ಎಂಟೇ. ನಡುವೆ ಒಮ್ಮೆ ಅದನ್ನು ಬದಲಿಸುವ ಹಣವನ್ನು ಈಗಲೇ ಎತ್ತಿಡುತ್ತಿದ್ದೇನೆ.

ಉಳಿದಿರುವುದು ಪಕ್ಕದ ಮನೆಯ ತೆಂಗಿನಮರ. ಮೂರೂವರೆಯ ಮೇಲೆ ಅದರ ಒಂದೇ ಗರಿಯ ನೆರಳು ಒಂದು ಪ್ಯಾನೆಲ್ ಮೇಲೆ ಬಿದ್ದರೂ, ಸಾಲಾಗಿ ಜೋಡಿಸಿದ ಉಳಿದ ಐದೂ ಸೊರಗುತ್ತವೆ. ಬಹಳ ದಿನ ಮಾತಾಡಿ ಮಾತಾಡಿ ಅವರು ಗರಿ ಸವರಲು ಒಪ್ಪಿದ್ದಾರೆ. ಮರ ಹತ್ತುವವನ ಕೂಲಿ ನಮ್ಮದು, ಎಳನೀರು ಅವರದು.