ಇ-ಸಿಮ್ ಮಾತ್ರ ಇರುವ ಫೋನಾ, ಸಿಮ್ ಟ್ರೇ ಇರುವ ಫೋನಾ? ಎರಡನ್ನೂ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸಿಮ್ ಟ್ರೇ ಇರುವ ಫೋನಿಗೆ. ಇ-ಸಿಮ್ ಅಂದರೆ ಕಾರ್ಡ್ ಹಾಕದೆ ಫೋನಿನ ಒಳಗೇ ಇಳಿಸಿಕೊಳ್ಳುವ ಸಿಮ್; ಟ್ರೇ ಅಂದರೆ ಕಾರ್ಡ್ ಸಿಮ್ ಕೂರಿಸುವ ಜಾಗ. ಹನ್ನೊಂದು ತಿಂಗಳು ಬರೀ ಇ-ಸಿಮ್ ಇರುವ ಫೋನ್ ಬಳಸಿದೆ. ಈಗ ಐದು ತಿಂಗಳಿಂದ ಟ್ರೇ, ಇ-ಸಿಮ್ ಎರಡೂ ಇರುವ ಫೋನ್ ಜೇಬಿನಲ್ಲಿದೆ. ಕ್ಯಾಮೆರಾ, ಸ್ಕ್ರೀನ್ ವಿಷಯ ಇಲ್ಲಿ ಬೇಡ, ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ.

ನನ್ನದು ದಾವಣಗೆರೆಯಲ್ಲಿ ಹದಡಿ ರಸ್ತೆ ಕಡೆ ಒಂದು ಸಣ್ಣ ಕಿರಾಣಿ ಅಂಗಡಿ. ಮೊದಲನೇ ಫೋನ್ ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗ ಊರಿಗೆ ಬಂದಾಗ ಕೊಟ್ಟಿದ್ದು. ಒಳ್ಳೆ ಫೋನ್, ಅದರ ಮೇಲೆ ನನಗೆ ಸಿಟ್ಟಿಲ್ಲ. ಟ್ರೇ ಇರಲಿಲ್ಲ ಅಷ್ಟೆ. ಸಿಮ್ ಕಂಪನಿಗೆ ಮೆಸೇಜ್ ಕಳಿಸಿದೆ, ಮೇಲ್‌ಗೆ ಕ್ಯೂಆರ್ ಕೋಡ್ ಬಂತು, ಸ್ಕ್ಯಾನ್ ಮಾಡಿದೆ, ಸ್ವಲ್ಪ ಹೊತ್ತಿಗೆ ಟವರ್ ಕಡ್ಡಿ ಮೂಡಿದವು. ಒಂದು ದಿನ ಎಸ್ಸೆಮ್ಮೆಸ್ ಬರಲಿಲ್ಲ. ಹಬ್ಬದ ರಜೆ ಇತ್ತು, ಅಂಗಡಿ ಮುಚ್ಚಿತ್ತು, ನಾನು ಅದನ್ನು ತಲೆಗೇ ಹಚ್ಚಿಕೊಳ್ಳಲಿಲ್ಲ.

ಆಮೇಲೆ ಒಂದು ಶುಕ್ರವಾರ ಸಂಜೆ ಮಂಡಿಪೇಟೆಯಲ್ಲಿ ಮಾಲು ತುಂಬಿಸುತ್ತಿದ್ದೆ. ಕಡಲೆಬೇಳೆ ಚೀಲ ಆಟೋಗೆ ಎತ್ತಿಕೊಡಲು ಬಗ್ಗಿದಾಗ ಅಂಗಿ ಜೇಬಿನಿಂದ ಫೋನ್ ಜಾರಿ ಚರಂಡಿ ಕಲ್ಲಿನ ಮೇಲೆ ಮುಖ ಅಡಿಯಾಗಿ ಬಿತ್ತು. ಸ್ಕ್ರೀನ್ ಪೂರ್ತಿ ಕಪ್ಪು. ಆದರೆ ಫೋನ್ ಸತ್ತಿರಲಿಲ್ಲ. ಕಾಲ್ ಬಂದರೆ ರಿಂಗ್ ಆಗುತ್ತಿತ್ತು, ಎತ್ತಲು ಬರುತ್ತಿರಲಿಲ್ಲ.

ಮನೆಗೆ ಬಂದರೆ ನನ್ನವಳು, "ಅಲ್ರೀ, ಸಿಮ್ ತೆಗೆದು ಹಳೇ ಫೋನಿಗೆ ಹಾಕ್ರಿ" ಅಂದಳು. ತೆಗೆಯಲು ಸಿಮ್ ಎಲ್ಲಿದೆ? ಹಳೇ ಫೋನಿಗೆ ಇ-ಸಿಮ್ ಬರುವುದೂ ಇಲ್ಲ. ಸರಿ, ಸಿಮ್ ಕಂಪನಿಯ ಆಪ್‌ನಲ್ಲಿ ಏನಾದರೂ ಮಾಡೋಣ ಅಂತ ಹಳೇ ಫೋನಿನಲ್ಲಿ ಅದನ್ನು ಹಾಕಿಕೊಂಡೆ. ಒಳಗೆ ಹೋಗಲು ಒಟಿಪಿ ಕೇಳಿತು. ಆ ಒಟಿಪಿ ಬಂದಿದ್ದು ಒಡೆದ ಫೋನಿಗೆ. ಮೇಜಿನ ಮೇಲೆ ಆ ಕಪ್ಪು ಫೋನ್ ಟಣ್ ಅಂತು, ಒಮ್ಮೆ ಗುಂಯ್ಗುಟ್ಟಿ ಸುಮ್ಮನಾಯಿತು. ನನ್ನ ನಂಬರಿಗೆ ಬಂದ ಆರು ಅಂಕಿ ಆ ಗಾಜಿನ ಕೆಳಗೇ ಇವೆ, ನೋಡಲು ಆಗುತ್ತಿಲ್ಲ. ಮೂರು ಸಲ ಹೀಗೇ ಆಯಿತು. ಮೇಲ್ ತೆಗೆಯೋಣ ಅಂದರೆ ಅದೂ "ನಿಮ್ಮ ಫೋನಿನಲ್ಲಿ ಹೌದು ಎಂದು ಒತ್ತಿ" ಅಂತು. ಒಂದು ಬಾಗಿಲಿನ ಕೀಲಿ ಇನ್ನೊಂದು ಬಾಗಿಲ ಒಳಗೆ, ಅದರ ಕೀಲಿ ಇದರ ಒಳಗೆ. ರಾತ್ರಿ ಹನ್ನೊಂದರವರೆಗೆ ಕೂತೆ, ಏನೂ ಆಗಲಿಲ್ಲ.

ಮಾರನೇ ದಿನ ಎರಡನೇ ಶನಿವಾರ, ಬ್ಯಾಂಕ್ ರಜೆ. ಬೆಳಗ್ಗೆಯೇ ಸಿಮ್ ಕಂಪನಿಯ ಅಂಗಡಿಗೆ ಹೋಗಿ ಸರದಿಯಲ್ಲಿ ನಿಂತೆ. ಆಧಾರ್ ಕೊಟ್ಟೆ, ಹೆಬ್ಬೆಟ್ಟು ಒತ್ತಿದೆ, ಫೋಟೊ ತೆಗೆಸಿದೆ, ಕಾರ್ಡ್ ಸಿಮ್ ಕೊಟ್ಟರು. ಮಧ್ಯಾಹ್ನ ಒಂದು ಗಂಟೆಗೆ ಹಳೇ ಫೋನಿನಲ್ಲಿ ಟವರ್ ಬಂತು. ಅಲ್ಲಿನ ಹುಡುಗ, "ಅಣ್ಣ, ಕಾಲ್ ಬರ್ತವೆ. ಮೆಸೇಜ್ ಮಾತ್ರ ನಾಳೆ ಇಷ್ಟೊತ್ತಿಗೆ" ಅಂದ.

ಇದು ಆ ಅಂಗಡಿಯವರ ತಪ್ಪಲ್ಲ. ಸಿಮ್ ಬದಲಿಸಿದರೆ 24 ಗಂಟೆ ಎಸ್ಸೆಮ್ಮೆಸ್ ಬರಲೂಬಾರದು ಹೋಗಲೂಬಾರದು ಅಂತ ನಿಯಮವೇ ಇದೆ. ಕಳ್ಳರು ನಮ್ಮ ಹೆಸರಿನಲ್ಲಿ ಸಿಮ್ ಬದಲಿಸಿಕೊಂಡು ಬ್ಯಾಂಕಿನ ಒಟಿಪಿ ಎಗರಿಸುತ್ತಾರಲ್ಲ, ಅದಕ್ಕೆ. 2024ರ ಜುಲೈ 1ರಿಂದ ಸಿಮ್ ಬದಲಿಸಿದ ಏಳು ದಿನ ಬೇರೆ ಕಂಪನಿಗೆ ಪೋರ್ಟ್ ಮಾಡಲೂ ಆಗುವುದಿಲ್ಲ. ನಿಯಮ ಸರಿಯಾಗಿಯೇ ಇದೆ, ಇರಲೇಬೇಕು. ಆದರೆ ಅದರ ಹೊಡೆತ ಇ-ಸಿಮ್ ಮಾತ್ರ ಇರುವವನಿಗೆ ಜಾಸ್ತಿ. ಯಾಕೆಂದರೆ ಕಾರ್ಡ್ ಇದ್ದವನು ಫೋನ್ ಒಡೆದರೆ ಸಿಮ್ ಬದಲಿಸಬೇಕಿಲ್ಲ, ಅದೇ ಕಾರ್ಡನ್ನು ಇನ್ನೊಂದು ಫೋನಿಗೆ ಹಾಕಿಕೊಂಡರೆ ಮುಗಿಯಿತು.

ಎಸ್ಸೆಮ್ಮೆಸ್ ಇಲ್ಲ ಅಂದರೆ ಯುಪಿಐ ಕೂಡ ಇಲ್ಲ. ಹೊಸ ಫೋನಿನಲ್ಲಿ ಯುಪಿಐ ಹಾಕಿಕೊಳ್ಳುವಾಗ ನಮ್ಮ ಸಿಮ್‌ನಿಂದಲೇ ಒಂದು ಮೆಸೇಜ್ ಹೋಗಬೇಕು, ಅದೇ ಹೋಗುವುದಿಲ್ಲ. ಗಿರಾಕಿಗಳು ಸ್ಕ್ಯಾನ್ ಮಾಡಿದ ದುಡ್ಡು ಖಾತೆಗೆ ಬೀಳುತ್ತಿತ್ತು, ಸೌಂಡ್‌ಬಾಕ್ಸ್ ಕೂಗುತ್ತಲೇ ಇತ್ತು, ಆದರೆ ಎಣ್ಣೆ ಮಾಲಿನವರಿಗೆ ಕೊಡಲು ನನ್ನ ಕೈಗೆ ಆ ದುಡ್ಡು ಸಿಗಲಿಲ್ಲ. ನನ್ನ ಬ್ಯಾಂಕಿನ ಎಟಿಎಂನಲ್ಲಿ 10,000 ದಾಟಿದರೆ ಒಟಿಪಿ ಬೇಕು. ಹಾಗಾಗಿ 9,500ರಂತೆ ಎರಡು ಸಲ ತೆಗೆದು ಕೊಟ್ಟೆ, ಉಳಿದದ್ದಕ್ಕೆ ಸೋಮವಾರದ ಮಾತು ಹೇಳಿದೆ. ಹದಿನಾಲ್ಕು ವರ್ಷದ ವ್ಯವಹಾರದಲ್ಲಿ ಅವರಿಗೆ ನಾನು ಬಾಕಿ ಹೇಳಿದ್ದು ಅದೇ ಮೊದಲು. ಭಾನುವಾರ ಮಧ್ಯಾಹ್ನ ಯುಪಿಐ ಹಾಕಿಕೊಂಡರೆ ಮೊದಲ 24 ಗಂಟೆ 5,000 ರೂಪಾಯಿ ಮಿತಿ. ಈ ಮಿತಿ ಕಾರ್ಡ್ ಸಿಮ್‌ನವರಿಗೂ ಹೊಸ ಫೋನಿನಲ್ಲಿ ಇರುತ್ತದೆ, ನಿಜ. ಆದರೆ ಅವರ ಲೆಕ್ಕ ಶುಕ್ರವಾರ ರಾತ್ರಿಯೇ ಶುರುವಾಗುತ್ತಿತ್ತು, ನನ್ನದು ಶುರುವಾಗಿದ್ದು ಭಾನುವಾರ.

ಸ್ಕ್ರೀನ್ ಬದಲಿಸಲು 24,000 ಕೇಳಿದರು. ಆ ದುಡ್ಡಿನೊಳಗೇ, 22,000ಕ್ಕೆ, ಟ್ರೇ ಮತ್ತು ಇ-ಸಿಮ್ ಎರಡೂ ಇರುವ ಹೊಸ ಫೋನ್ ಬಂತು. ಬ್ಯಾಂಕಿಗೆ ಕೊಟ್ಟ ನಂಬರ್ ಕಾರ್ಡ್‌ನಲ್ಲಿದೆ, ಎರಡನೇ ನಂಬರ್ ಇ-ಸಿಮ್‌ನಲ್ಲಿ.

ಟ್ರೇಯ ಇನ್ನೊಂದು ಲಾಭ ಗೊತ್ತಾಗಿದ್ದು ಹೊಸದುರ್ಗದ ಹತ್ತಿರ ನನ್ನ ಹೆಂಡತಿಯ ತವರಿಗೆ ಹೋದಾಗ. ಅವರ ಮನೆ ತಗ್ಗಿನಲ್ಲಿದೆ, ಒಂದೇ ಕಂಪನಿಯ ಟವರ್ ಸಿಗುತ್ತದೆ, ಅದು ನನ್ನದಲ್ಲ. ಭಾವಮೈದ ತನ್ನ ಹತ್ತಿರ ಸುಮ್ನೆ ಬಿದ್ದಿದ್ದ ಒಂದು ಕಾರ್ಡ್ ಕೊಟ್ಟ, ಹಾಕಿಕೊಂಡೆ. ಬರೀ ಇ-ಸಿಮ್ ಫೋನ್ ಇದ್ದಿದ್ದರೆ ಅದಕ್ಕೊಂದು ಹೊಸ ಕೋಡ್ ತರಿಸಬೇಕು, ಅದನ್ನು ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು. ಇಂಟರ್ನೆಟ್ ಇಲ್ಲ ಅಂತಲೇ ಅಲ್ವಾ ಬೇರೆ ಸಿಮ್ ಹುಡುಕಿದ್ದು? ಕರೆಂಟ್ ಹೋಗಿ ಚಾರ್ಜ್ ಮುಗಿದಾಗ ಕಾರ್ಡನ್ನು ಮಾವನವರ ಕೀಪ್ಯಾಡ್ ಫೋನಿಗೆ ಹಾಕಿ ಅಂಗಡಿಗೆ ಮಾತಾಡಿದ್ದೂ ಉಂಟು.

ಇ-ಸಿಮ್‌ನಲ್ಲಿ ಒಳ್ಳೆಯದು ಇಲ್ಲವೇ ಇಲ್ಲ ಅಂತಲ್ಲ. ಕಳ್ಳತನದ ವಿಷಯದಲ್ಲಿ ಅದೇ ಮೇಲು. ಜಾತ್ರೆಯಲ್ಲೋ ಬಸ್‌ಸ್ಟ್ಯಾಂಡಿನಲ್ಲೋ ಫೋನ್ ಹೊಡೆದವನು ಮೊದಲು ಸಿಮ್ ಕಿತ್ತು ಬಿಸಾಡುತ್ತಾನೆ, ಇಲ್ಲವೇ ಬೇರೆ ಫೋನಿಗೆ ಹಾಕಿ ಒಟಿಪಿ ತರಿಸಿಕೊಳ್ಳುತ್ತಾನೆ. ಇ-ಸಿಮ್ ಆದರೆ ಎರಡೂ ಆಗುವುದಿಲ್ಲ. ಕಾರ್ಡ್ ಇಟ್ಟುಕೊಂಡವರು ಸೆಟ್ಟಿಂಗ್ಸ್‌ನಲ್ಲಿ ಸಿಮ್ ಪಿನ್ ಹಾಕಿಡಿ. ನಾನು ಹಾಕಿದ್ದೇನೆ, ಫೋನ್ ಆಫ್ ಮಾಡಿ ಆನ್ ಮಾಡಿದಾಗಲೆಲ್ಲ ನಾಲ್ಕು ಅಂಕಿ ಒತ್ತಬೇಕು, ಅಷ್ಟೆ.

ಪದೇ ಪದೇ ವಿದೇಶಕ್ಕೆ ಹೋಗುವವರಿಗೂ ಇ-ಸಿಮ್ ಸುಲಭ. ನಾನು ಹೋಗುವುದು ಹರಿಹರ, ಚಿತ್ರದುರ್ಗ, ಜಾಸ್ತಿ ಅಂದರೆ ಬೆಂಗಳೂರು.

ಬ್ಯಾಟರಿಗೆ ಜಾಗ ಸಿಗುತ್ತದೆ ಅನ್ನುವುದೂ ಸುಳ್ಳಲ್ಲ. ಐಫೋನ್ 17 ಪ್ರೊದಲ್ಲಿ ಟ್ರೇ ಇಲ್ಲದ ಮಾದರಿಗೆ ಬ್ಯಾಟರಿ ದೊಡ್ಡದು. ಇಂಡಿಯಾದಲ್ಲಿ ಮಾರುವ 17ಕ್ಕೆ ಟ್ರೇ ಇದೆ, ಆದರೆ 2025ರಲ್ಲಿ ಬಂದ ಐಫೋನ್ ಏರ್‌ಗೆ ಯಾವ ದೇಶದಲ್ಲೂ ಇಲ್ಲ, ಇಲ್ಲೂ ಇಲ್ಲ. ಅಂದರೆ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ಗೊತ್ತಾಗುತ್ತದೆ. ಎಲ್ಲರೂ ಹೀಗೇ ಮಾಡುವ ಮೊದಲು ಒಡೆದ ಫೋನಿನಿಂದ ಇ-ಸಿಮ್ ಹೊರಗೆ ತರಲು ಒಟಿಪಿ ಬೇಡದ ಒಂದು ದಾರಿ ಆಗಬೇಕು.

ಹೋದ ವಾರ ಅಕ್ಕನ ಮಗಳು ಬೆಂಗಳೂರಿನಿಂದ ಫೋನ್ ಮಾಡಿ, "ಮಾಮ, ಏರ್ ತಗೊಳ್ಳಲಾ?" ಅಂದಳು. ಅವಳ ಹತ್ತಿರ ಆಫೀಸಿನ ಫೋನ್ ಇನ್ನೊಂದಿದೆ, ಎರಡು ದಿನ ಯುಪಿಐ ನಿಂತರೆ ಅವಳ ಅನ್ನಕ್ಕೇನೂ ತೊಂದರೆ ಇಲ್ಲ. ತಗೋ ಅಂದೆ. ತಗೊಂಡ ದಿನವೇ ಮೇಲ್‌ನ ಬ್ಯಾಕಪ್ ಕೋಡ್‌ಗಳನ್ನು, ಅಂದರೆ ಫೋನ್ ಕೈಯಲ್ಲಿಲ್ಲದಾಗಲೂ ಮೇಲ್ ತೆಗೆಯಲು ಬರುವ ಅಂಕಿಗಳನ್ನು, ಒಂದು ಹಾಳೆಯಲ್ಲಿ ಬರೆದು ಅಮ್ಮನ ಬೀರುವಿನಲ್ಲಿಡು, ಮೇಲ್‌ಗೆ ಅಮ್ಮನ ನಂಬರನ್ನೂ ಸೇರಿಸು ಅಂತ ಹೇಳಿದ್ದೇನೆ. ಹಾಳೆ ಬರೆದಳಾ ಅಂತ ಈ ಭಾನುವಾರ ಕೇಳಬೇಕು.