ಗೇರ್‌ಬಾಕ್ಸ್‌ಗೂ ಹೌಸಿಂಗ್‌ಗೂ ಒಂದೇ ಡ್ರಮ್ಮಿನ ಎಣ್ಣೆ ಹಾಕಿಸಬೇಡಿ

ಜೀಪು, ಪಿಕಪ್ ಅಥವಾ ಹಿಂದಿನ ಚಕ್ರಗಳಿಂದ ಓಡುವ ಯಾವುದೇ ಗಾಡಿ ಇಟ್ಟುಕೊಂಡಿರುವವರು ಗೇರ್ ಆಯಿಲ್ ಬದಲಾಯಿಸುವ ದಿನ ಗ್ಯಾರೇಜಿನಲ್ಲಿ ಒಂದು ಪ್ರಶ್ನೆಯನ್ನು ಕೇಳಲೇಬೇಕು: ಗೇರ್‌ಬಾಕ್ಸ್‌ಗೆ ಯಾವ ಎಣ್ಣೆ, ಹೌಸಿಂಗ್‌ಗೆ (ಆಕ್ಸಲ್ ಮೇಲಿನ, ಚಕ್ರಗಳನ್ನು ತಿರುಗಿಸುವ ಹಲ್ಲುಗಳಿರುವ ಪೆಟ್ಟಿಗೆಗೆ) ಯಾವ ಎಣ್ಣೆ? ಎರಡಕ್ಕೂ ಒಂದೇ ಎಂಬ ಉತ್ತರ ಬಂದರೆ, ಗಾಡಿಯ ಕೈಪಿಡಿಯಲ್ಲಿ ಹಾಗೆಂದು ಅಚ್ಚಾಗಿರದ ಹೊರತು, ಡ್ರೇನ್ ಬೋಲ್ಟಿಗೆ ಸ್ಪ್ಯಾನರ್ ಹಾಕಲು ಬಿಡಬೇಡಿ. ನಮ್ಮ ಮನೆಯ ಗಾಡಿಯ ಗೇರ್‌ಬಾಕ್ಸನ್ನು ಬಿಚ್ಚಿಸಬೇಕಾಗಿ ಬಂದದ್ದು ಈ ಒಂದು ವಿಷಯದಲ್ಲಿ ಗ್ಯಾರೇಜಿನವರು ತೋರಿದ ಉಡಾಫೆಯಿಂದ.

ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟ. ಗಾಡಿ ಫೋರ್ ವೀಲ್ ಡ್ರೈವ್ ಇರುವ ಹಳೆಯ ಡೀಸೆಲ್ ಯುಟಿಲಿಟಿ. ಆಗುಂಬೆ ಘಾಟಿ ಇಳಿದು ಹೆಬ್ರಿಯ ಕಡೆಗೆ ಹೋಗಿಬರುವುದು ಅದಕ್ಕೆ ಮಾಮೂಲಿ ಕೆಲಸ. ಮಳೆಗಾಲಕ್ಕೆ ಮೊದಲು ಪೇಟೆಯ ಒಂದು ಗ್ಯಾರೇಜಿಗೆ ಸರ್ವಿಸ್‌ಗೆಂದು ಬಿಟ್ಟಾಗ, ಗೇರ್‌ಬಾಕ್ಸ್‌ಗೆ ಜಿಎಲ್-4 ದರ್ಜೆಯ 80ಡಬ್ಲ್ಯೂ-90, ಆಕ್ಸಲ್ ಹೌಸಿಂಗ್‌ಗಳಿಗೆ ಜಿಎಲ್-5 ಎಂದು ಕೈಪಿಡಿಯ ಪುಟವನ್ನೇ ತೆರೆದು ತೋರಿಸಿದ್ದೆ (ಜಿಎಲ್ ಸಂಖ್ಯೆ ಎಣ್ಣೆಯ ದರ್ಜೆ, 80ಡಬ್ಲ್ಯೂ-90 ಎಂಬುದು ಅದರ ಮಂದತೆ). ತಲೆಯಾಡಿಸಿದರು. ಸಂಜೆ ಕೊಟ್ಟ ಬಿಲ್ಲಿನಲ್ಲಿ ಮಾತ್ರ 'ಗೇರ್ ಆಯಿಲ್' ಎಂಬ ಒಂದೇ ಸಾಲು, ಅದರ ಮುಂದೆ ಒಟ್ಟು ಲೀಟರ್ ಮತ್ತು ಮೊತ್ತ ಇದ್ದವು.

ಮರುದಿನ ಬೆಳಿಗ್ಗೆಯೇ ಲಿವರ್ ಗಡುಸಾಗಿತ್ತು. ಘಾಟಿಯ ತಿರುವುಗಳಲ್ಲಿ ಮೂರನೇ ಗೇರಿನಿಂದ ಎರಡಕ್ಕೆ ಇಳಿಸುವಾಗಲೆಲ್ಲ 'ಕಿರ್ರ್' ಎಂದು ಹಲ್ಲು ಕಡಿದ ಸದ್ದು ಬರುತ್ತಿತ್ತು. ಕಡಿದಾದ ಇಳಿಜಾರಿನಲ್ಲಿ ಗೇರ್ ಬೀಳದೆ ನ್ಯೂಟ್ರಲ್‌ನಲ್ಲಿ ಉಳಿದರೆ ಎಂಜಿನ್ನಿನ ಹಿಡಿತವಿಲ್ಲದೆ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಆದ್ದರಿಂದ ಇದನ್ನು ಬರೀ ಸದ್ದಿನ ತೊಂದರೆಯೆಂದು ಯಾರೂ ತಳ್ಳಿಹಾಕಬಾರದು. ಗ್ಯಾರೇಜಿಗೆ ಹೋಗಿ ಹೇಳಿದರೆ, "ಹೊಸ ಆಯಿಲ್ ಅಲ್ವಾ ಸರ್, ಸೆಟ್ ಆಗೋಕೆ ಸ್ವಲ್ಪ ದಿನ ಬೇಕು" ಎಂದರು. ಮಳೆಗಾಲದ ನಡುವೆ ಮತ್ತೆ ಹೋದಾಗ ಕ್ಲಚ್ ಪ್ಲೇಟ್ ಸವೆದಿದೆ ಎಂದು ಅದನ್ನೂ ಬದಲಾಯಿಸಿದರು. ಹಣ ಹೋಯಿತು, ಕಿರ್ರೆನ್ನುವುದು ಹೋಗಲಿಲ್ಲ.

ಕೊನೆಗೆ ಇನ್ನೊಂದು ಊರಿನ ಹಿರಿಯ ಮೇಸ್ತ್ರಿಯೊಬ್ಬರು ಕ್ಲಚ್ಚಿನ ತಂಟೆಗೇ ಹೋಗದೆ ಮೊದಲು ಗೇರ್‌ಬಾಕ್ಸಿನ ಎಣ್ಣೆಯನ್ನು ಇಳಿಸಿದರು. ಡ್ರೇನ್ ಬೋಲ್ಟಿನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣುಪಾದ ಕೆಸರು ಅಂಟಿತ್ತು. ಅದು ಉಕ್ಕಿನ ಸವೆತ, ಎಲ್ಲ ಗಾಡಿಗಳಲ್ಲೂ ಇರುವಂಥದ್ದೇ. ಅವರು ನೋಡಲು ಹೇಳಿದ್ದು ಎಣ್ಣೆಯನ್ನು. ಅಂಗೈಗೆ ಒಂದಿಷ್ಟು ಸುರಿದುಕೊಂಡು ಬಿಸಿಲಿಗೆ ಹಿಡಿದಾಗ ಅದರೊಳಗೆ ಹೊಂಬಣ್ಣದ ಪುಡಿ ಮಿನುಗುತ್ತಿತ್ತು. ಹಿತ್ತಾಳೆ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಎಣ್ಣೆಯಲ್ಲೇ ತೇಲುತ್ತದೆ. ಗೇರ್‌ಬಾಕ್ಸ್ ಬಿಚ್ಚಿದ ಮೇಲೆ ಎರಡನೇ ಗೇರಿನ ಸಿಂಕ್ರೊ ರಿಂಗ್, ಅಂದರೆ ಗೇರ್ ಬೀಳುವ ಮೊದಲು ವೇಗ ಸಮ ಮಾಡುವ ಹಿತ್ತಾಳೆಯ ಬಳೆ, ಕೈಗೆ ಬಂತು: ಒಳಮೈಯ ಸಣ್ಣ ಗೀರುಗಳು ಅಳಿಸಿಹೋಗಿ ನುಣ್ಣಗಾಗಿದ್ದವು, ಹೊರಗಿನ ಹಲ್ಲುಗಳ ಚೂಪು ಮೊಂಡಾಗಿತ್ತು. ವಯಸ್ಸಾದ ಗಾಡಿಯಾದ್ದರಿಂದ ರಿಂಗ್ ಮೊದಲೇ ಒಂದಿಷ್ಟು ಸವೆದಿದ್ದಿರಬಹುದು. ಆದರೆ ಸರ್ವಿಸ್‌ಗೆ ಬಿಡುವ ಹಿಂದಿನ ದಿನದವರೆಗೂ ಗೇರ್ ಸದ್ದಿಲ್ಲದೆ ಬೀಳುತ್ತಿತ್ತು. ಹಳೆಯ ಗ್ಯಾರೇಜಿನ ಹುಡುಗನನ್ನು ವಿಚಾರಿಸಿದಾಗ, ಹೌಸಿಂಗ್‌ಗಳಿಗೆಂದು ಇಟ್ಟಿದ್ದ 85ಡಬ್ಲ್ಯೂ-140 ಜಿಎಲ್-5 ಡ್ರಮ್ಮಿನಿಂದಲೇ ಗೇರ್‌ಬಾಕ್ಸ್‌ಗೂ ಪಂಪ್ ಮಾಡಿದ್ದು ಗೊತ್ತಾಯಿತು.

ಇದರಿಂದ ಹಾನಿ ಹೇಗೆ ಆಗುತ್ತದೆ ಎಂಬುದನ್ನು ಪ್ರತಿಯೊಬ್ಬ ಮಾಲೀಕನೂ ತಿಳಿದಿರಬೇಕು. ಹೌಸಿಂಗ್ ಒಳಗಿನ ಕ್ರೌನ್ (ಹಲ್ಲಿರುವ ದೊಡ್ಡ ಚಕ್ರ) ಮತ್ತು ಅದನ್ನು ತಿರುಗಿಸುವ ಸಣ್ಣ ಪಿನಿಯನ್ ಸಾಮಾನ್ಯವಾಗಿ ಹೈಪಾಯ್ಡ್ ಮಾದರಿಯವು. ಪಿನಿಯನ್ನಿನ ನಡುಗೆರೆ ಕ್ರೌನಿನ ನಡುಗೆರೆಗಿಂತ ಕೆಳಗಿರುವುದರಿಂದ ಹಲ್ಲುಗಳು ಉರುಳುವುದರ ಜೊತೆಗೆ ಭಾರೀ ಒತ್ತಡದಲ್ಲಿ ಒಂದರ ಮೇಲೊಂದು ಜಾರುತ್ತವೆ. ಆ ಜಾರುವಿಕೆ ಎಣ್ಣೆಯ ಪದರವನ್ನೇ ಒರೆಸಿಹಾಕುತ್ತದೆ. ಅಂಥ ಹೊತ್ತಿನಲ್ಲಿ ಲೋಹಕ್ಕೆ ಲೋಹ ತಾಗದಂತೆ ಕಾಯುವುದು ಎಣ್ಣೆಗೆ ಬೆರೆಸಿರುವ ಗಂಧಕ ಮತ್ತು ರಂಜಕದ ಸಂಯುಕ್ತಗಳು. ಅವು ಬಿಸಿಗೆ ಉಕ್ಕಿನೊಡನೆ ಸೇರಿ ತಾನು ಸವೆದು ಹಲ್ಲನ್ನು ಉಳಿಸುವ ತೆಳು ಪೊರೆಯನ್ನು ಕಟ್ಟುತ್ತವೆ. ಜಿಎಲ್-5 ಎಣ್ಣೆಯಲ್ಲಿ ಈ ಸಂಯುಕ್ತಗಳ ಪ್ರಮಾಣ ಜಿಎಲ್-4ಕ್ಕಿಂತ ಸಾಮಾನ್ಯವಾಗಿ ಎರಡು ಪಟ್ಟಿನಷ್ಟು ಇರುತ್ತದೆ.

ಸಿಂಕ್ರೊ ರಿಂಗಿನ ಕೆಲಸ ಇದಕ್ಕೆ ತೀರಾ ವಿರುದ್ಧವಾದದ್ದು. ಅದು ಗೇರಿನ ಉಕ್ಕಿನ ಕೋನ್ ಮೇಲೆ ಒತ್ತಿ, ನಡುವಿನ ಎಣ್ಣೆಯನ್ನು ತನ್ನ ಗೀರುಗಳಿಂದ ಸೀಳಿ, ಕ್ಷಣಮಾತ್ರ ಗಟ್ಟಿಯಾಗಿ ಹಿಡಿದು ಎರಡರ ವೇಗವನ್ನೂ ಸಮ ಮಾಡಬೇಕು. ವೇಗ ಸಮವಾದರಷ್ಟೇ ಗೇರನ್ನು ಶಾಫ್ಟಿಗೆ ಜೋಡಿಸುವ ಸ್ಲೀವ್ ಸದ್ದಿಲ್ಲದೆ ಜಾರಿ ಗೇರ್ ಬೀಳುತ್ತದೆ. ಎಣ್ಣೆ ವಿಪರೀತ ಜಾರಿದರೆ ಹಿಡಿತ ಸಿಗುವುದಿಲ್ಲ, ವೇಗ ಕೂಡಿಬರುವುದಿಲ್ಲ, ಹಲ್ಲಿಗೆ ಹಲ್ಲು ಬಡಿಯುತ್ತದೆ. ಅದರ ಮೇಲೆ, ಗಂಧಕದ ಕೆಲವು ಸಂಯುಕ್ತಗಳು ಬಿಸಿಯಲ್ಲಿ ತಾಮ್ರ ಬೆರೆತ ಲೋಹಗಳನ್ನು ತಿನ್ನುತ್ತವೆ. ಈಚಿನ ಜಿಎಲ್-5 ಎಣ್ಣೆಗಳಲ್ಲಿ ಹಲವು, ಎಣ್ಣೆ ತಾಮ್ರವನ್ನು ತಿನ್ನುತ್ತದೆಯೇ ಎಂದು ನೋಡುವ ತಾಮ್ರದ ಪಟ್ಟಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿರುತ್ತವೆ ಎಂಬುದು ನಿಜ, ಆದರೆ ಅದರಿಂದ ಜಾರುವ ಗುಣವೇನೂ ಕಡಿಮೆಯಾಗುವುದಿಲ್ಲ. 'ಐದು ನಾಲ್ಕಕ್ಕಿಂತ ಮೇಲಿನದು, ಹಾಕಿದರೆ ಒಳ್ಳೆಯದೇ' ಎಂಬ ಮಾತನ್ನು ಅಂಗಡಿಯವರ ಬಾಯಲ್ಲಿ ನಾನೇ ಕೇಳಿದ್ದೇನೆ. ಅದು ಪೂರ್ತಿ ತಪ್ಪು. ಹೌಸಿಂಗ್‌ಗೆ ಜಿಎಲ್-4 ಹಾಕುವುದೂ ಅಷ್ಟೇ ತಪ್ಪು. ಆಗ ಹಾಳಾಗುವುದು ಕ್ರೌನ್ ಮತ್ತು ಪಿನಿಯನ್.

ಇನ್ನು 90, 140 ಎಂಬ ಅಂಕೆಗಳು. ಗ್ಯಾರೇಜಿನ ಮಾತುಕತೆಯೆಲ್ಲ 'ನೈಂಟಿ ಹಾಕೋಣ, ಒನ್ ಫಾರ್ಟಿ ಹಾಕೋಣ' ಎನ್ನುವುದರಲ್ಲೇ ಮುಗಿಯುತ್ತದೆ. ಇವು ಹೇಳುವುದು ಎಣ್ಣೆಯ ಮಂದತೆಯನ್ನು ಮಾತ್ರ, ಅದರೊಳಗಿನ ರಸಾಯನವನ್ನಲ್ಲ. ಒಂದೇ 80ಡಬ್ಲ್ಯೂ-90 ಅಂಕೆಯಲ್ಲಿ ಜಿಎಲ್-4 ಕೂಡ ಸಿಗುತ್ತದೆ, ಜಿಎಲ್-5 ಕೂಡ ಸಿಗುತ್ತದೆ. ವಾಹನ ಎಂಜಿನಿಯರುಗಳ ಸಂಘವಾದ ಎಸ್‌ಎಇಯ ಮಾನದಂಡದ ಪ್ರಕಾರ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 90ರ ಮಂದತೆ 13.5ರಿಂದ 18.5 ಸೆಂಟಿಸ್ಟೋಕ್ಸ್ (ಮಂದತೆಯ ಅಳತೆ) ಒಳಗೆ, 140ರದು 24ರಿಂದ 32.5ರ ಒಳಗೆ ಇರಬೇಕು. ಮಲೆನಾಡಿನ ಮುಂಜಾನೆಯ ಚಳಿಗೆ ನಮ್ಮ ಲಿವರ್ ಗಡುಸಾಗುತ್ತಿದ್ದುದಕ್ಕೆ ಈ ಅಂತರವೂ ಒಂದು ಕಾರಣ. ಎಂಜಿನ್ ಆಯಿಲಿನ ಅಂಕೆಗಳು ಬೇರೆಯದೇ ಅಳತೆಗೋಲಿನವು. 90ರ ಗೇರ್ ಆಯಿಲ್ ಮಂದತೆಯಲ್ಲಿ ಹೆಚ್ಚುಕಡಿಮೆ 40 ಅಥವಾ 50ರ ಎಂಜಿನ್ ಆಯಿಲಿಗೆ ಸಮ.

ಮುಂದಿನ ಚಕ್ರಗಳಿಂದ ಓಡುವ ಸಣ್ಣ ಕಾರುಗಳವರೂ ನಿಶ್ಚಿಂತೆಯಿಂದ ಇರುವಂತಿಲ್ಲ. ಎಂಜಿನ್ ಅಡ್ಡಲಾಗಿ ಕೂತಿರುವ ಆ ಕಾರುಗಳಲ್ಲಿ ಡಿಫರೆನ್ಷಿಯಲ್ (ಎರಡೂ ಬದಿಯ ಚಕ್ರಗಳಿಗೆ ಶಕ್ತಿ ಹಂಚುವ ಭಾಗ) ಗೇರ್‌ಬಾಕ್ಸ್ ಒಳಗೇ ಇರುತ್ತದೆ, ಹೈಪಾಯ್ಡ್ ಹಲ್ಲುಗಳಿರುವುದಿಲ್ಲ. ಅಲ್ಲಿಗೆ ಜಿಎಲ್-5 ಸುರಿದರೆ ಲಾಭವೇನೂ ಇಲ್ಲ, ಸಿಂಕ್ರೊಗೆ ಹಾನಿ ಮಾತ್ರ. ಫೋರ್ ವೀಲ್ ಡ್ರೈವ್ ಗಾಡಿಗಳ ಟ್ರಾನ್ಸ್‌ಫರ್ ಕೇಸ್‌ಗೆ (ಹಿಂದಿನ, ಮುಂದಿನ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಪೆಟ್ಟಿಗೆಗೆ) ಕೆಲವು ಕಂಪನಿಗಳು ಎಟಿಎಫ್, ಅಂದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ, ಹೇಳುತ್ತವೆ, ಕೆಲವು ಗೇರ್ ಆಯಿಲ್ ಹೇಳುತ್ತವೆ. ಒಂದೇ ಚಕ್ರ ಸುಮ್ಮನೆ ಸುತ್ತದಂತೆ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇದ್ದರೆ ಅದಕ್ಕೆಂದೇ ತಯಾರಿಸಿದ ಎಣ್ಣೆ ಬೇಕಾಗಬಹುದು. ಇಲ್ಲೆಲ್ಲ ಕೈಪಿಡಿಯ ಮಾತೇ ಕೊನೆಯ ಮಾತು. ಗೇರ್‌ಬಾಕ್ಸ್‌ಗೂ ಜಿಎಲ್-5 ಎಂದು ತಯಾರಕರೇ ಬರೆದಿರುವ ಗಾಡಿಗಳೂ ಇವೆ, ಅವುಗಳಿಗೆ ಅದನ್ನೇ ಹಾಕಬೇಕು.

ಈಗಾಗಲೇ ತಪ್ಪು ಎಣ್ಣೆ ಬಿದ್ದಿದ್ದು, ಸದ್ದು ಹೊಸದಾಗಿ ಶುರುವಾಗಿದ್ದರೆ ಕೂಡಲೇ ಇಳಿಸಿ ಸರಿಯಾದದ್ದನ್ನು ತುಂಬಿಸಿ; ರಿಂಗ್ ಸವೆಯುವ ಮೊದಲೇ ಬದಲಾಯಿಸಿದರೆ ಗೇರ್‌ಬಾಕ್ಸ್ ಬಿಚ್ಚದೆ ಪಾರಾಗುವ ಸಾಧ್ಯತೆ ಹೆಚ್ಚು. ಗಾಡಿ ಸಮತಟ್ಟಾದ ಜಾಗದಲ್ಲಿರಲಿ. ಮೊದಲು ಮೇಲಿನ ಫಿಲ್ಲರ್ ಬೋಲ್ಟ್ ಸಡಿಲವಾಗುತ್ತದೆಯೇ ನೋಡಿದ ಮೇಲೆಯೇ ಕೆಳಗಿನದನ್ನು ಬಿಚ್ಚಿಸಿ. ಎಣ್ಣೆ ಎಲ್ಲ ಇಳಿದ ಮೇಲೆ ಫಿಲ್ಲರ್ ಕಚ್ಚಿಕೊಂಡಿದೆಯೆಂದು ಗೊತ್ತಾದರೆ ಗಾಡಿ ಅಲ್ಲಿಂದ ಕದಲುವಂತಿಲ್ಲ. ಸಾಮಾನ್ಯವಾಗಿ ಫಿಲ್ಲರಿನ ಅಂಚಿನವರೆಗೆ ಎಣ್ಣೆ ಬಂದು ಹನಿಯತೊಡಗಿದರೆ ಅಳತೆ ಸರಿ.

ಕ್ಲಚ್ ಮತ್ತು ಗೇರ್‌ಬಾಕ್ಸಿನ ಖರ್ಚನ್ನು ಭರಿಸಿ ಎಂದು ಹಳೆಯ ಗ್ಯಾರೇಜಿನ ಮಾಲೀಕರನ್ನು ಕೇಳಿದಾಗ ಅವರು ತೋರಿಸಿದ್ದು ಆ ಒಂದೇ ಸಾಲಿನ ಬಿಲ್ಲನ್ನು: ಗೇರ್ ಆಯಿಲ್ ಹಾಕಿದ್ದೇವೆ, ಅದನ್ನೇ ಬರೆದಿದ್ದೇವೆ. ಹಾಗಾಗಿ ಸೀಲ್ ಇರುವ ಡಬ್ಬಿಯನ್ನು ನಿಮ್ಮ ಕಣ್ಣೆದುರೇ ತೆರೆಸಿ, ಡಬ್ಬಿಯ ಮೇಲಿನ ಜಿಎಲ್ ಸಂಖ್ಯೆಯ ಫೋಟೊ ತೆಗೆದಿಟ್ಟುಕೊಳ್ಳಿ; ಬಿಲ್ಲಿನಲ್ಲಿ ಗೇರ್‌ಬಾಕ್ಸ್‌ಗೆ ಒಂದು ಸಾಲು, ಪ್ರತಿ ಹೌಸಿಂಗ್‌ಗೆ ಒಂದೊಂದು ಸಾಲು ಬರೆಸಿ, ಪ್ರತಿಯೊಂದರ ಮುಂದೆ ದರ್ಜೆ, ಮಂದತೆಯ ಅಂಕೆ, ಲೀಟರ್ ಮೂರನ್ನೂ ನಮೂದಿಸಲು ಹೇಳಿ.